ಮಿಲ್ ಕ್ವಾರ್ಟರ್ಸ್‌ನಲ್ಲಿ ಕರೆಂಟ್ ಹೋದ ಸಂಜೆ

...ಕಾಟೇಜ್ ಅಂತೆ ಕಾಟೇಜು. ನಾಯಂಡಹಳ್ಳಿಯಲ್ಲಿ ನಮ್ಮ ಮನೆ ಮುಂದೆ ಆಟೋ ಹತ್ತಿದ್ರೆ ಅರ್ಧ ಗಂಟೆಗೆ ಮಾಗಡಿ ರೋಡಲ್ಲಿ ಇಳಿಯೋದು. ಇದಕ್ಕೆ ಟೂರು ಅಂತ ಹೆಸರು. ಇದನ್ನ ಬುಕ್ ಮಾಡೋಕೆ ನಿನ್ನ ಮಗಳು ಸುಮಾಗೆ ಬುದ್ಧಿ ಬೇಡವಾ? ಇದೇ ಮಿಲ್ಲು, ಇದೇ ಕ್ವಾರ್ಟರ್ಸ್. ನಾವು ಸಂಸಾರ ಮಾಡಿದ ಸಾಲು ಮನೆ. ಮಿಲ್ಲು ಮುಚ್ಚಿದ ಮೇಲೆ ಗೋಡೆಗೆ ಬಣ್ಣ ಹೊಡೆದು, ಹಾಸಿಗೆ ಮೇಲೆ ಗುಲಾಬಿ ದಳ ಉದುರಿಸಿದಾರೆ. ಯಾಕೆ ನಗ್ತೀಯಾ? ದಳ ನಾನೇ ಗುಡಿಸಿದೆ. ಇರುವೆ ಬರುತ್ತೆ.

ಏನಂದೆ? ಸೆರಗು ತೆಗಿ ಬಾಯಿಂದ. ನಗೋದಾದ್ರೆ ನೆಟ್ಟಗೆ ನಗು.

ಹೂಂ, ಆ ಮಗ್ಗ ನೋಡಿದೆ. ಪಡಸಾಲೆಯಲ್ಲಿ ನಿಲ್ಲಿಸಿದಾರೆ, ಬೊಂಬೆ ಥರ. ಬಂದವರು ಫೋಟೋ ತೆಗೆಸ್ಕೊಳ್ತಾರಂತೆ. ಅಂಥವು ಶೆಡ್ ತುಂಬ ಓಡೋವಾಗ ಯಾವನು ಬಂದಿದ್ದ? ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದ್ರೂ ಕೇಳ್ತಿರಲಿಲ್ಲ. ತುಟಿ ನೋಡೇ ಮಾತು. ನೀನು ನೂಲು ಸುತ್ತೋ ಕಡೆಯಿಂದ ಬುಟ್ಟಿ ಹೊತ್ಕೊಂಡು ಬಂದು, ಬಾಗಿಲಲ್ಲಿ ನಿಂತು, 'ಮುನಿರಾಜಣ್ಣ, ಊಟ ಆಯ್ತಾ' ಅಂದೆ. ಸದ್ದೇ ಇಲ್ಲ. ಅಷ್ಟು ದೂರದಿಂದ ಓದ್ಕೊಂಡೆ. ಅಣ್ಣ ಅಂದಿದ್ದೊಂದೇ ತಪ್ಪು.

ಆ ಕಡೆ ತಿರುಗಿ ಮಾತಾಡಬೇಡ. ಇಲ್ಲಿ ನೋಡು.

...ಮತ್ತೆ ಅದೇನಾ? ಬಿಡು ಲಿಂಗಮ್ಮ. ನಾಳೆ ಬೆಳಿಗ್ಗೆ ಸುಮಾ ನಿನ್ನ ಕರ್ಕೊಂಡು ಹೋಗೋಕೆ ಬರ್ತಾಳೆ, ಬರಲ್ಲ ಅಂತ ಹೇಳು. ಅವಳ ಬಸವೇಶ್ವರನಗರದ ಮನೆ ಚೆನ್ನಾಗಿದೆ, ಇಲ್ಲ ಅಂದ್ನಾ? ಅಲ್ಲಿರೋದು ಒಂದು ಮಂಚದ ಜಾಗ. ನೀನು ಅಲ್ಲಿ, ನಾನು ನಾಯಂಡಹಳ್ಳಿಯಲ್ಲಿ ಒಬ್ಬನೇ... ಈ ವಯಸ್ಸಲ್ಲಿ. ಬೇಡ.

ಶುಗರ್ ಇಳಿದು ನೀನು ಬಿದ್ರೆ ಯಾರು ನೋಡ್ತಾರೆ ಅಂತ ಅವಳ ಭಯ. ನಾನಿಲ್ವಾ? ಕೂಗು, ಬರ್ತೀನಿ. ಮುಗೀತು.

ಹೋದ ವಾರದ್ದು ತೆಗೀಬೇಡ. ಬಚ್ಚಲಲ್ಲಿ ಬಿದ್ದು ನೀನು ಕೂಗಿದೆ. ಪಕ್ಕದ ಮನೆ ಲತಾಗೆ ಕೇಳಿಸ್ತು, ನನಗೆ ಕೇಳಿಸಲಿಲ್ಲ. ನಿದ್ದೆ ಹತ್ತಿತ್ತು ಅಂದ್ನಲ್ಲ... ಹಾಗೆ ನೋಡಬೇಡ. ಪೇಪರ್ ಓದ್ತಾ ಕೂತಿದ್ದೆ ಅಂತ ಲತಾ ಹೇಳಿದ್ಲಾ? ಕೂತಲ್ಲೇ ತೂಕಡಿಸಿದೆ. ತೂಕಡಿಸಬಾರದಾ?

ಅಯ್ಯೋ. ಕರೆಂಟ್ ಹೋಯ್ತು.

ಲಿಂಗಮ್ಮ? ಕಿಟಕಿ ಯಾಕೆ ಮುಚ್ಚಿಸಿದೆ, ಸೊಳ್ಳೆ ಬಂದ್ರೆ ಬರಲಿ. ಏನೂ ಕಾಣಲ್ಲ. ಮೊಬೈಲ್ ನಿನ್ನ ಹತ್ರಾನೇ ಇದೆ, ಟಾರ್ಚ್ ಹಾಕು. ...ಹಾಕು ಅಂದೆ.

ಹೂಂ... ಹೂಂ, ಬಾಗಿಲು ಹಾಕಿದೀನಿ. ಅದೇ ತಾನೇ ಕೇಳಿದ್ದು? ಊಟ ಅವರೇ ತಂದ್ಕೊಡ್ತಾರೆ. ಮಾತ್ರೆ ಆಮೇಲೆ. ...ಹೌದು. ನಾನೂ ಅದೇ ಅಂದ್ಕೊಂಡೆ.

ಈಗ ಟಾರ್ಚ್ ಹಾಕು.

ಎಲ್ಲಿ ನಿನ್ನ ಕೈ? ಮಂಚದ ಮೇಲಿಲ್ಲ. ಎದ್ದು ಹೋದೆಯಾ? ಕತ್ತಲಲ್ಲಿ ಬೀಳ್ತೀಯ ಕಣೇ. ಬೆಳಿಗ್ಗೆ ತಿಂಡಿಯೂ ಸರಿಯಾಗಿ ತಿನ್ನಲಿಲ್ಲ... ಲಿಂಗಮ್ಮ. ಬಿದ್ದಿದೀಯಾ? ಕೂಗ್ತಾ ಇದೀಯಾ? ನೆಲ ಬಡಿ. ಕೈಯಲ್ಲೋ ಕಾಲಲ್ಲೋ, ಜೋರಾಗಿ ಬಡಿ. ನನ್ನ ಪಾದಕ್ಕೆ ಗೊತ್ತಾಗುತ್ತೆ. ಬಡಿಯೇ. ಕೈ ಮುಗೀತೀನಿ, ನೆಲ ಬಡಿಯೇ...

ಹಾ. ಟಾರ್ಚು.

ಕುರ್ಚಿಗೆ ಯಾವಾಗ ಹೋದೆ? ಮೊಳ ದೂರದಲ್ಲಿ ಕೂತು ಸುಮ್ಮನೆ ನೋಡ್ತಾ ಇದೀಯ. ಬೆಳಕು ಯಾಕೆ ನಿನ್ನ ಮುಖದ ಮೇಲೇ ಬಿಟ್ಕೊಂಡಿದೀಯ?

ಇಷ್ಟು ಹೊತ್ತು ಏನಂದೆ? ...ಯಾಕೆ ತಲೆ ಅಲ್ಲಾಡಿಸ್ತೀಯ? ಬಾಗಿಲು ಹಾಕಿದೀಯಾ ಅಂತ ಕೇಳಲಿಲ್ವಾ? ಊಟ? ...ಒಂದು ಮಾತೂ ಆಡಲಿಲ್ವಾ ನೀನು?

ಹಾಗಾದ್ರೆ ನಾನು ಯಾರಿಗೆ ಹೂಂ ಅಂದೆ.

ಎಡಗಿವಿ ಮಿಲ್ಲಲ್ಲೇ ಹೋಗಿತ್ತು. ಬಲಗಿವಿ ಈ ಯುಗಾದಿ ಹೊತ್ತಿಗೆ. ಹಗಲು ನಿನ್ನ ತುಟಿ ಸಾಕಾಗ್ತಿತ್ತು. ದೀಪ ಆರಿಸಿದ ಮೇಲೆ... ನಿದ್ದೆ ಎಲ್ಲಿ ಬರುತ್ತೆ ನನಗೆ? ನಿನ್ನ ಕೈ ಮೇಲೆ ಕೈ ಇಟ್ಕೊಂಡು ಮಲಗ್ತಿದ್ದೆ. ಪ್ರೀತಿ ಅಂದ್ಕೊಂಡಿದ್ದೆ ನೀನು. ಅದೂ ಇತ್ತು.

ನಾಳೆ ಸುಮಾಗೆ ಏನು ಹೇಳ್ತೀಯ? ...ಅಳಬೇಡ. ಅತ್ರೆ ತುಟಿ ಗೊತ್ತಾಗಲ್ಲ. ನಿಧಾನವಾಗಿ ಹೇಳು, ಆಗ ಶೆಡ್ ಬಾಗಿಲಲ್ಲಿ ನಿಂತು ಹೇಳಿದ ಹಾಗೆ.

ಬೆಳಕು ಆರಿಸಬೇಡ, ಲಿಂಗಮ್ಮ.