ಆ ಹಲ್ಲೊಂದು ಮುಟ್ಟಬೇಡ

ಬೇಡ ಬೇಡ, ಆ ದೀಪ ಈಗಲೇ ಹಾಕಬೇಡ... ಕಣ್ಣಿಗೆ ಚುಚ್ಚುತ್ತೆ ಕಣೇ. ಒಂದು ನಿಮಿಷ ತಡಿ. ನಾನೇನು ಓಡಿಹೋಗ್ತೀನಾ? ಓಡಬೇಕು ಅಂದ್ರೂ ಈ ಕುರ್ಚಿಯಲ್ಲಿ ತಲೆ ಕೆಳಗೆ, ಕಾಲು ಮೇಲೆ! ಮಗುಚಿ ಬಿದ್ದ ಜಿರಲೆ ಥರ ಮಲಗಿಸಿದ್ದೀಯ ಚಿಕ್ಕಪ್ಪನ್ನ. ನಗು, ನಗು. ಮಾಸ್ಕ್ ಹಾಕ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಕಣ್ಣಲ್ಲೇ ಕಾಣುತ್ತೆ. ನಿಮ್ಮಪ್ಪನೂ ಹೀಗೇ. ನನ್ನ ಬೈಯೋವಾಗ್ಲೂ ಕಣ್ಣಲ್ಲಿ ನಗೋನು.

ತೆಗೀತೀನಿ, ಬಾಯಿ ತೆಗೀತೀನಿ. ಆದ್ರೆ ತೆಗೆದ ಮೇಲೆ ಮಾತಾಡೋಕೆ ಬಿಡ್ತೀಯಾ ನೀನು? ಹತ್ತಿ ತುರುಕ್ತೀಯ, ನೀರು ಎಳೆಯೋ ಕೊಳವೆ ತುಟಿಗೆ ನೇತು ಹಾಕ್ತೀಯ, ಆಮೇಲೆ "ಚಿಕ್ಕಮ್ಮನ ಮಂಡಿನೋವು ಹೇಗಿದೆ?" ಅಂತ ಕೇಳ್ತೀಯ! ಏನಂತ ಹೇಳಲಿ ನಾನು, ಆಂ... ಊಂ... ಅಂತಲಾ? ಅದಕ್ಕೇ ಹೇಳೋದೆಲ್ಲ ಮೊದಲೇ ಹೇಳಿಬಿಡ್ತೀನಿ. ಮೇಲಿನ ಸಾಲು, ಮುಂದೆ, ಬಲಗಡೆದು ಇದೆಯಲ್ಲ... ಆ ಹಲ್ಲೊಂದು ಮುಟ್ಟಬೇಡ. ಅದು ಬಂಡೆ. ಉಳಿದದ್ದನ್ನ ಏನು ಬೇಕಾದ್ರೂ ಮಾಡ್ಕೋ.

ಯಾಕೆ ಅಂದ್ರೆ? ಗಟ್ಟಿ ಇದೆ, ಅದಕ್ಕೆ! ಗಟ್ಟಿ ಇರೋದನ್ನ ಯಾರಾದ್ರೂ ಅಲ್ಲಾಡಿಸಿ ನೋಡ್ತಾರೇನೇ?

ನಾನು ಊದೋ ಟ್ರಂಪೆಟ್ಟಿನ ಮೌತ್‌ಪೀಸ್ ಕೂರೋದೇ ಅದರ ಮೇಲೆ. ತುಟಿ ಊದುತ್ತೆ ಅಂತ ಜನ ತಿಳ್ಕೊಂಡಿದ್ದಾರೆ. ತುಟಿ ಹಿಂದೆ ಹಲ್ಲು ನಿಂತಿರಬೇಕಮ್ಮ. ಗೋಡೆ ಇಲ್ದೆ ಮೊಳೆ ಹೊಡೆಯೋಕಾಗುತ್ತಾ? ಸೋಮವಾರ ಬೇರೆ ಪರೀಕ್ಷೆ. ಹ್ಞೂ, ಈ ವಯಸ್ಸಲ್ಲಿ! ಹೊಸ ಬ್ಯಾಂಡ್ ಮಾಸ್ಟರ್ ಬಂದಿದ್ದಾನೆ, ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ. ಪುರಸಭೆಯವರು ಎಲ್ಲಿಂದ ಹಿಡ್ಕೊಂಡು ಬಂದರೋ. "ಒಬ್ಬೊಬ್ಬರೇ ಕೋಣೆಗೆ ಬನ್ನಿ, ಒಬ್ಬೊಬ್ಬರೇ ನುಡಿಸಿ" ಅಂತಾನೆ. ಗುಂಪಲ್ಲಿ ಅಲ್ಲ, ಒಂಟಿಯಾಗಿ. ಯಾರ ಸ್ವರ ನಿಲ್ಲಲ್ವೋ ಅವರ ವಾದ್ಯ ವಾಪಸ್ ಉಗ್ರಾಣಕ್ಕೆ. ನನ್ನ ಟ್ರಂಪೆಟ್ಟು ನನ್ನದಲ್ಲ ಪುಟ್ಟಿ, ಬ್ಯಾಂಡಿನದು. ನನ್ನ ಮದುವೆಗೂ ಮುಂಚೆ ಕೈಗೆ ಬಂದದ್ದು. ನಿನ್ನ ಚಿಕ್ಕಮ್ಮ ಅದನ್ನ ಸವತಿ ಅಂತಾಳೆ, ಆದ್ರೂ ದಿನಾ ಅದಕ್ಕೆ ಬಟ್ಟೆ ಹಾಕಿ ಒರೆಸೋಳು ಅವಳೇ. ಅದನ್ನ ಅಲ್ಲಿ ಆ ಹರಿದ ಡೋಲುಗಳ ಮಧ್ಯೆ, ಕತ್ತಲೆಯಲ್ಲಿ... ಬಿಡು. ಆಗಲ್ಲ ಅದು. ಆಗೋಕೆ ನಾನು ಬಿಡಲ್ಲ.

ಏನು, ಹೆದರಿದ್ದೀನಾ? ನಾನಾ! ಹೋದ ಭಾನುವಾರ ನೀನೇ ಬಂದಿದ್ಯಲ್ಲ ಪಾರ್ಕಿಗೆ, ನಮ್ಮ ಬ್ಯಾಂಡ್ ಕೇಳೋಕೆ, ಎದುರಿನ ಕಲ್ಲುಬೆಂಚಲ್ಲಿ ಕೂತಿದ್ದೆ. ಏನಂದೆ ಆಮೇಲೆ? ಹೇಳು, ನಿನ್ನ ಬಾಯಲ್ಲೇ ಕೇಳ್ತೀನಿ. "ಆ ಉದ್ದನೆಯ ಸ್ವರ ಎಳೆದ್ರಲ್ಲ ಚಿಕ್ಕಪ್ಪ, ಮೈ ಜುಮ್ ಅಂತು" ಅಂದೆ. ಅಂದೆಯೋ ಇಲ್ವೋ? ಹಾಂ, ತಲೆ ಆಡಿಸು. ಮತ್ತೆ? ಹೆದರೋರು ಹಾಗೆ ಎಳೀತಾರಾ?

ಸರಿ, ಸರಿ... ಹಚ್ಚು ದೀಪ. ಅಯ್ಯಪ್ಪಾ! ಹಾಳಾದ ಬೆಳಕು, ಎಲ್ಲಾ ಕಾಣ್ಸುತ್ತೆ.

ನಿಲ್ಲು, ಆ ಕಡ್ಡಿ ಯಾಕೆ? ಅಳತೆ ಗೆರೆ ಹಾಕಿದ್ದೀಯ ಅದರ ಮೇಲೆ? ಒಸಡಿನ ಸಂದಿಗೆ ಇಳಿಸಿ ನೋಡೋದಾ... ಎಷ್ಟು ಆಳ ಇಳಿಯುತ್ತೋ ಅಷ್ಟು ಕಾಯಿಲೆ. ಗೊತ್ತು ಗೊತ್ತು, ಹೋದ ಸಲ ಹೇಳಿದ್ದೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತೆ, ಉಜ್ಜದೆ ಬಿಟ್ರೆ ಅದೇ ಕಲ್ಲಾಗುತ್ತೆ, ಒಸಡು ಸಿಟ್ಟು ಮಾಡ್ಕೊಂಡು ಊದುತ್ತೆ, ಹಲ್ಲಿನ ಕೈ ಬಿಡುತ್ತೆ, ಆ ಸಂದಿಯಲ್ಲಿ ಕೀವು, ಕೆಳಗೆ ಮೂಳೆ ಕರಗುತ್ತೆ... ನೋಡು, ಪಾಠ ಒಪ್ಪಿಸಿದೆ! ನೀನು ಹೇಳಿದ್ದೆಲ್ಲ ತಲೆಯಲ್ಲಿದೆ. ಬಾಯಿಗೆ ಇಳೀಲಿಲ್ಲ, ಅಷ್ಟೇ.

ರಕ್ತ? ಬರ್ತಿತ್ತು. ಸುಮಾರು ದಿನದಿಂದ ಬರ್ತಿತ್ತು. ಬ್ರಷ್ ಇಟ್ಟ ತಕ್ಷಣ ಕೆಂಪು. ಹಾಗಂತ ನೋವೇ ಇರ್ಲಿಲ್ಲ ಕಣೇ! ಅದೇ ನನ್ನ ಸಿಟ್ಟು. ಕಿವಿ ನೋವು ರಾತ್ರಿಯೆಲ್ಲ ಅಳಿಸುತ್ತೆ, ಕಾಲಿನ ಆಣಿ ಪ್ರಾಣ ತಿನ್ನುತ್ತೆ, ಇದೊಂದು ಮಾತ್ರ ಒಂದು ಮಾತೂ ಆಡದೆ ಬುಡ ಕೊರೆದುಬಿಡ್ತಲ್ಲ. ನೋವಾಗಿದ್ರೆ ಅವತ್ತೇ ಬರ್ತಿದ್ದೆ ನಿನ್ನ ಹತ್ರ. ನಾನೇನು ಮೂರ್ಖನಾ?

ಉಜ್ಜೋದನ್ನ... ಹ್ಞೂ, ನಿಲ್ಲಿಸಿದೆ. ಮುಂದಿನ ಹಲ್ಲುಗಳಿಗೆ ಮಾತ್ರ. ಹಾಗೆ ನೋಡ್ಬೇಡ ನನ್ನ! ಬೆಳಗ್ಗೆ ಉಜ್ಜಿ ಅಭ್ಯಾಸಕ್ಕೆ ಹೋದ್ರೆ ಮೌತ್‌ಪೀಸಿಗೆ ರಕ್ತ ಮೆತ್ಕೊಳ್ಳೋದು. ಪಕ್ಕದಲ್ಲಿ ನಿಲ್ತಾನಲ್ಲ ಎರಡನೇ ಟ್ರಂಪೆಟ್ಟು, ಮೆಣಸಿನಕಾಯಿ ಅಂತೀವಿ ಅವನ್ನ, ಒಣಗಿದ ದೇಹ, ಮೂಗಿನ ತುದಿಯಲ್ಲೇ ಕೋಪ... ಅವನು ನೋಡಿಬಿಟ್ಟ. "ಅಣ್ಣ, ಏನಿದು, ಯಾರನ್ನ ಕಚ್ಚಿ ಬಂದೆ?" ಅಂದ. ಎಲ್ಲರೂ ನಕ್ಕರು. ಅವತ್ತೇ ತೀರ್ಮಾನ ಮಾಡಿದೆ, ರಕ್ತ ಬರೋ ಜಾಗದ ಸುದ್ದಿಗೇ ಹೋಗಬಾರದು. ಗಾಯ ಆದ ಕಡೆ ಯಾರಾದ್ರೂ ಉಜ್ತಾರಾ? ಸುಮ್ನೆ ಬಿಟ್ರೆ ಮಾಯುತ್ತೆ ಅಂದ್ಕೊಂಡೆ. ಉಪ್ಪುನೀರು ಮುಕ್ಕಳಿಸ್ತಿದ್ದೆ, ಅದನ್ನ ಬಿಟ್ಟಿಲ್ಲ.

ಉಲ್ಟಾ ಆಯ್ತಾ? ರಕ್ತ ಬಂದ ಕಡೆಯೇ ಮೆತ್ತಗೆ, ಬಿಡದೆ ಉಜ್ಜಬೇಕಾಗಿತ್ತಾ... ಅದನ್ನ ಹೋದ ಸಲ ಹೇಳಿದ್ಯಾ? ಹೇಳಿದ್ದೆ. ಹೇಳಿದ್ದೆ, ಸರಿ.

ಆ ಪುಟಾಣಿ ಬ್ರಷ್ಷಾ? ಹಲ್ಲಿನ ಸಂದಿಗೆ ತೂರಿಸೋದು, ಕಂಬಳಿಹುಳದ ಮರಿ ಥರ ಇದೆಯಲ್ಲ... ಇದೆ. ಭದ್ರವಾಗಿದೆ. ದಿನಾ ಉಪಯೋಗಿಸ್ತೀನಿ! ದೇವರಾಣೆ. ಒಂದು ದಿನ ತಪ್ಪಿಸಿಲ್ಲ.

...ಹಲ್ಲಿಗೆ ಅಲ್ಲ.

ನಗಬೇಡ, ಹೇಳ್ತೀನಿ. ನೀನು ಕೊಟ್ಟ ದಿನವೇ ಮನೆಗೆ ಹೋಗಿ ಕೈಯಲ್ಲಿ ಹಿಡ್ಕೊಂಡು ನೋಡ್ತೀನಿ, ಅಬ್ಬಾ! ಮೌತ್‌ಪೀಸಿನ ತೂತಿಗೆ ಹೇಳಿ ಮಾಡಿಸಿದ ಹಾಗಿದೆ. ಒಳಗೆ ಎಷ್ಟು ವರ್ಷದ ಕೊಳೆ ಇತ್ತೋ, ಹಸಿರುಗಟ್ಟಿತ್ತು. ಒಂದೇ ಸಲಕ್ಕೆ ಫಳಫಳ! ಆಮೇಲೆ ಅದನ್ನ ಬಾಯಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಬಾಯಿದಾದ್ರೆ ಯಾರಿಗೆ ಕಾಣುತ್ತೆ, ಮೌತ್‌ಪೀಸಾದ್ರೆ ಬಿಸಿಲಲ್ಲಿ ಮಿಂಚುತ್ತೆ. ಈಗ ನೋಡಿದ್ರೆ ಹಿತ್ತಾಳೆ ಚಿನ್ನದ ಹಾಗಿದೆ, ಅದನ್ನ ಇಟ್ಕೊಳ್ಳೋ ಬಾಯಿ ಮಾತ್ರ... ಹ್ಞೂ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಮ್ಮಮ್ಮ ಹೇಳೋಳು, ನಿನ್ನ ಅಜ್ಜಿ.

ಸಕ್ಕರೆ ಕಾಯಿಲೆ ಇದೆ, ನಿನಗೂ ಗೊತ್ತು. ಮಾತ್ರೆ ತಗೋತೀನಿ. ನೆನಪಾದಾಗ. ಅದಕ್ಕೂ ಒಸಡಿಗೂ ಏನು ನೆಂಟಸ್ತನ? ಸಕ್ಕರೆ ಏರಿದ್ರೆ ಒಸಡು ಕೊಳೆಯೋದು ಜಾಸ್ತಿ, ಒಸಡು ಕೊಳೆತ್ರೆ ಸಕ್ಕರೆ ಇಳಿಯೋದು ಕಷ್ಟ... ಚೆನ್ನಾಗಿದೆ, ಇಬ್ಬರೂ ಸೇರ್ಕೊಂಡು ನನ್ನ ತಲೆ ಬೋಳಿಸಿದ್ರು ಅನ್ನು. ಸಿಗರೇಟು ಇಲ್ಲಮ್ಮ. ಊದೋನಿಗೆ ಉಸಿರೇ ಬಂಡವಾಳ.

ಮತ್ತೆ ಇವತ್ತು ಯಾಕೆ ಬಂದೆ ಅಂತ ಕೇಳ್ತೀಯಾ? ನಾನೆಲ್ಲಿ ಬಂದೆ, ಎಳ್ಕೊಂಡು ಬಂದಳು ನಿನ್ನ ಚಿಕ್ಕಮ್ಮ. ಹೊರಗೆ ಬೆಂಚಲ್ಲಿ ಕೂತಿದ್ದಾಳೆ ನೋಡು, ನಾನು ತಪ್ಪಿಸ್ಕೊಳ್ಳದ ಹಾಗೆ ಬಾಗಿಲಿಗೇ ಕಾವಲು. ಬಾಯಿಯ ವಾಸನೆ ಅಂತೆ. ನೇರವಾಗಿ ಹೇಳಲ್ಲ ಅವಳು. ಒಂದಿನ ಕಿಟಕಿ ತೆಗೆದಳು. ಇನ್ನೊಂದಿನ ಲವಂಗ ತಂದು ಕೈಗಿಟ್ಟಳು. ಆಮೇಲೆ ನನ್ನ ಮಾತು ಕೇಳೋವಾಗ ಸ್ವಲ್ಪ... ಪಕ್ಕಕ್ಕೆ ತಿರುಗಿ ನಿಲ್ತಾಳೆ. ಏನೋ ಕೆಲಸ ಇರೋ ಹಾಗೆ. ನಾನೂ ಈಗ ಕೈ ಅಡ್ಡ ಇಟ್ಕೊಂಡೇ ಮಾತಾಡ್ತೀನಿ. ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ನನಗೇ ಬರೆದಿಟ್ಟ ಗಾದೆ. ಅಳು ಬರುತ್ತೆ ಕಣೇ ಒಂದೊಂದು ಸಲ. ಹೆಂಡತಿ ಹತ್ರ ಕೈ ಅಡ್ಡ ಇಟ್ಟು ಮಾತಾಡೋದು ಅಂದ್ರೆ ಏನು!

ಬಂದ ತಕ್ಷಣ ತೆಗೆದ್ಯಲ್ಲ, ಆ ಎಕ್ಸ್‌ರೇ ಆಮೇಲೆ ತೋರಿಸು. ಬೇಡ, ನನಗೆ ಅರ್ಥ ಆಗಲ್ಲ... ಎಲ್ಲಿ? ಬಿಳಿ ಇರೋದು ಮೂಳೆ. ಕಪ್ಪು ಇರೋದು ಮೂಳೆ ಇದ್ದ ಜಾಗ. ಇಷ್ಟೊಂದಾ! ಕಲ್ಲು ಕೆರೆದು, ಬೇರಿನವರೆಗೂ ತೊಳೆದ್ರೆ ಒಸಡು ಮತ್ತೆ ಹಲ್ಲನ್ನ ಹಿಡ್ಕೊಳ್ಳುತ್ತಾ? ಹಿಡ್ಕೊಳ್ಳುತ್ತೆ ಅಲ್ವಾ? ಹಿಂದಿನವು ಉಳೀತವೆ. ಸರಿ. ಹೋದ ಮೂಳೆ? ...ಹೋದದ್ದು ಹೋಯ್ತು.

ಈ ಮುಂದಿನದನ್ನ ಯಾಕೆ ಅಷ್ಟು ಹೊತ್ತು ನೋಡ್ತೀಯ? ಫೋಟೋ ಸರಿಯಾಗಿ ಬಂದಿರಲ್ಲ ಅಲ್ಲಿ. ನಾನು ಅಲುಗಾಡಿರ್ತೀನಿ. ಸುತ್ತ ಪೂರ್ತಿ ಕಪ್ಪು ಅಂದ್ರೆ... ಗಾಳಿಯಲ್ಲಿ ನಿಂತಿದೆಯಾ? ನಗಿಸ್ಬೇಡ. ಗಾಳಿಯಲ್ಲಿ ಹಲ್ಲು ನಿಲ್ಲುತ್ತಾ? ಹೇಳ್ತಿದ್ದೀನಲ್ಲ, ಬಂಡೆ ಅಂತ! ಹಿಂದಿನಿಂದ ಶುರು ಮಾಡು, ದವಡೆ ಕಡೆಯಿಂದ. ಮುಂದಕ್ಕೆ ಬರೋದು ಸೋಮವಾರ ಆದ ಮೇಲೆ. ಮಂಗಳವಾರ ನಾನೇ ಬಂದು ಕೂರ್ತೀನಿ, ಎಲ್ಲಾ ಕಿತ್ತು ಹಾರ ಮಾಡಿ ನಿನ್ನ ಕ್ಲಿನಿಕ್ ಬಾಗಿಲಿಗೆ ಕಟ್ಕೋ.

ಪುಟ್ಟಿ, ನೀನು ಚಿಕ್ಕವಳಿದ್ದಾಗ ನನ್ನ ಟ್ರಂಪೆಟ್ಟು ಕಿತ್ಕೊಂಡು ಊದಿದ್ದು ನೆನಪಿದೆಯಾ? ಕರು ಕೂಗಿದ ಹಾಗೆ ಒಂದು ಸದ್ದು ಬಂತು, ನೀನೇ ಹೆದರಿ ಅತ್ತೆ. ನಾನು ಬೈದ್ನಾ? ಬೈಲಿಲ್ಲ. ಹಾಗೇ ಈಗ ನಾನು ಹೇಳೋದನ್ನ ನೀನು ಒಂದು ಸಲ... ಆಯ್ತು. ಆಯ್ತಮ್ಮ ಡಾಕ್ಟ್ರಮ್ಮ. ಕಣ್ಣು ಹಾಗೆ ಮಾಡ್ಬೇಡ. ತೆಗೆದೆ, ನೋಡು.

ಆ... ಆಂ...

ಹಿಂದೆ! ಹಿಂದೆ ಅಂತ ಹೇ... ಆಂ... ಬೇ...

ಏನಾಯ್ತು?

ಯಾಕೆ ಕೈ ತೆಗೆದೆ? ಏನದು ನಿನ್ನ ಕೈಯಲ್ಲಿ? ಮುಷ್ಟಿ ಯಾಕೆ ಮುಚ್ತೀಯ, ತೋರಿಸು... ನೀನು ಎಳೀಲಿಲ್ಲ, ನನಗೆ ಗೊತ್ತು. ಬರೀ ಮುಟ್ಟಿದೆ. ಕಡ್ಡಿ ತಾಗಿತು ಅಷ್ಟೇ. ನಿನ್ನ ತಪ್ಪಲ್ಲ ಪುಟ್ಟಿ. ಆ ಬಿಳಿ ಬಿಳಿ ಮೆತ್ಕೊಂಡಿದೆಯಲ್ಲ, ಅದನ್ನ ಮೂಸಬೇಡ. ಗಮ್ಮು ಅದು. ಒಂದು ಹನಿ ಬಿಟ್ರೆ ಹಿಡ್ಕೊಳ್ಳುತ್ತಲ್ಲ, ಚಪ್ಪಲಿ ಕಿತ್ತಾಗ ಹಾಕೋದು. ಪಕ್ಕದ ಹಲ್ಲಿಗೆ ಅಂಟಿಸ್ಕೊಂಡಿದ್ದೆ. ಹಲ್ಲು... ಮೊದಲೇ ಬಿದ್ದುಹೋಗಿತ್ತು. ಅನ್ನ ಕಲಸ್ತಿದ್ದಾಗ ತಟ್ಟೆಗೆ ಬಿತ್ತು. ನಿನ್ನ ಚಿಕ್ಕಮ್ಮ ಅಡುಗೆಮನೆಗೆ ಹೋಗಿದ್ದಳು, ನೋಡಲಿಲ್ಲ. ಬಾಯಿ ಸುಡ್ತು ಗಮ್ಮು, ಕಣ್ಣಲ್ಲಿ ನೀರು ಬಂತು. ಬೈ. ಬಾಯಿಗೆ ಬಂದ ಹಾಗೆ ಬೈದುಬಿಡು.

ಬೈಯಲ್ವಾ?

ಏನು ಲೆಕ್ಕ ಹಾಕ್ತಿದ್ದೀಯ ಮನಸ್ಸಲ್ಲಿ? ಬೇಡ ಪುಟ್ಟಿ. ಅದೊಂದು ಲೆಕ್ಕ ಹಾಕ್ಬೇಡ...

ಹೌದು. ಹಲ್ಲು ಬಿದ್ದದ್ದು ಭಾನುವಾರಕ್ಕಿಂತ ಮುಂಚೆಯೇ. ಬಹಳ ಮುಂಚೆ.

ಗಮ್ಮು ಹಾಕಿದ ಹಲ್ಲಿನ ಮೇಲೆ ಮೌತ್‌ಪೀಸ್ ಒತ್ತೋಕಾಗುತ್ತಾ? ಆಗಲ್ಲ. ಊದೋದಕ್ಕಲ್ಲ ಅಂಟಿಸಿದ್ದು, ತೋರಿಸೋದಕ್ಕೆ. ಮೆಣಸಿನಕಾಯಿಯೇ ಹೇಳಿದ, "ಅಣ್ಣ, ನೀನು ಕೆನ್ನೆ ಉಬ್ಬಿಸ್ಕೊಂಡು ನಿಂತ್ಕೋ, ಬೆರಳು ಆಡಿಸು ಸಾಕು, ಇಬ್ಬರದೂ ನಾನೇ ಊದ್ತೀನಿ." ಅಷ್ಟು ಸಿಡುಕ, ನೋಡು, ಅವನು ಆ ಮಾತು ಹೇಳಿದ. ಪಾಪ, ಕತ್ತಿನ ನರ ಕಿತ್ತು ಬರೋ ಹಾಗೆ ಊದ್ತಾನೆ. ಸೋಮವಾರ ಕೋಣೆಯೊಳಗೆ ಅವನು ಇರಲ್ಲ.

ಆ ಉದ್ದನೆಯ ಸ್ವರ ಅವನದು ಕಣೇ. ನಾನು ಒಂದು ಉಸಿರೂ ಊದಿರಲಿಲ್ಲ.

ಗುಂಪಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಡೋಲಿನವನಿಗಿಲ್ಲ, ದಿನಾ ಪಾರ್ಕಿಗೆ ಬಂದು ಕೂರೋ ಮುದುಕರಿಗಿಲ್ಲ. ನಿನ್ನ ಚಿಕ್ಕಮ್ಮ ಪಾರ್ಕಿನ ಪಕ್ಕದ ನಮ್ಮ ಮನೆ ಜಗುಲಿಯಲ್ಲಿ ಕೂತು ಕೇಳಿ, "ಇವತ್ತು ಚೆನ್ನಾಗಿ ಎಳೆದ್ರಿ" ಅಂತಾಳೆ. ನಾನು ಹ್ಞೂ ಅಂತೀನಿ, ಕೈ ಅಡ್ಡ ಇಟ್ಕೊಂಡು. ಇಷ್ಟು ವರ್ಷ ಊದಿದ್ದು ನಿಂತುಹೋದ್ರೆ ಒಂದು ಚೂರಾದ್ರೂ ಖಾಲಿ ಅನ್ನಿಸಬೇಡ್ವಾ ಯಾರಿಗಾದ್ರೂ? ಆದ್ರೆ ನೀನು ಹಾಗಲ್ಲ. ನೀನು ನನ್ನ ತೊಡೆ ಮೇಲೆ ಕೂತು ಕೇಳಿದವಳು. ನಿನಗೆ ಗೊತ್ತಾಗಿತ್ತು ಅಲ್ವಾ? ಚಿಕ್ಕಪ್ಪ ಬೇಜಾರು ಮಾಡ್ಕೋತಾನೆ ಅಂತ ಸುಮ್ನೆ ಹಾಗಂದೆ... ಮೈ ಜುಮ್ ಅಂತು ಅಂತ. ಅಲ್ವಾ?

ಪುಟ್ಟಿ. ಮಾಸ್ಕ್ ಯಾಕೆ ತೆಗೆದೆ? ಹಾಕ್ಕೋ. ಹಾಕ್ಕೊಂಡು ಹೇಳು, ಗೊತ್ತಿತ್ತು ಅಂತ. ಸುಳ್ಳಾದ್ರೂ ಪರವಾಗಿಲ್ಲ.

ಒಂದು ಸಲ ಹೇಳೇ...

ಸರಿ ಬಿಡು. ಅಳಬೇಡ. ಪಕ್ಕದ್ದು ನೋಡು, ಅದೂ ಅಲ್ಲಾಡ್ತಿದೆ.