ಜಾಲರಿ ಬಾವಿಯ ಕೆಮ್ಮು

ರಾತ್ರಿ ಹನ್ನೊಂದೂವರೆ. ನನ್ನ ಚಿಕ್ಕಪ್ಪನ ಮಗ, ಬೀಗ ರಿಪೇರಿಯವನು, ಔಷಧಿ ಅಂಗಡಿಯಿಂದ ಮನೆಗೆ ನಡೆದು ಬರುತ್ತಿದ್ದ. ಕೈಯಲ್ಲಿ ಕೆಮ್ಮಿನ ಸಿರಪ್ಪು, ನಾಲ್ಕನೇ ಬಾಟ್ಲಿ. ದಾರಿಯಲ್ಲೊಂದು ಹಳೇ ಬಾವಿ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ನಾನಾಗಿದ್ದರೆ ಶಿಳ್ಳೆ ಹೊಡೆಯುತ್ತಾ ದಾಟುತ್ತಿದ್ದೆ. ನನ್ನನ್ನು ಕಂಡರೆ ದೆವ್ವಗಳೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅದಕ್ಕೇ ಇದುವರೆಗೆ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇವನೋ, ನಮ್ಮ ವಂಶಕ್ಕೇ ಒಬ್ಬ ಪುಕ್ಕಲ.

ಸಿರಪ್ಪು ಅವನ ಹೆಂಡತಿಗೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಐವಿಎಫ್ ಮಾಡಿಸಿ, ಈಗ ಐದು ತಿಂಗಳ ಗರ್ಭಿಣಿ. ಐದು ವಾರದಿಂದ ಕೆಮ್ಮು. ಸಂಜೆಯಾದರೆ ಜ್ವರ. ರಾತ್ರಿ ದಿಂಬು ಹಿಂಡಿದರೆ ನೀರು ಬರಬೇಕು, ಅಷ್ಟು ಬೆವರು. ಹೊಟ್ಟೆ ಬೆಳೆಯುತ್ತಿತ್ತು, ಅವಳು ಕರಗುತ್ತಿದ್ದಳು.

ಆ ಐವಿಎಫ್ ಸೆಂಟರಿನ ಡಾಕ್ಟರು... ಮಹಾನುಭಾವ! ಗೋಡೆ ತುಂಬಾ ಮಕ್ಕಳ ಫೋಟೋ ಅಂಟಿಸಿಕೊಂಡಿದ್ದಾನೆ, ತಾಯಂದಿರದು ಒಂದೂ ಇಲ್ಲ. ಇವಳ ಗರ್ಭನಾಳ ಎರಡೂ ಮುಚ್ಚಿವೆ ಅಂತ ಮೊದಲ ದಿನವೇ ಅವನಿಗೆ ಗೊತ್ತಿತ್ತು. ಯಾಕೆ ಅಂತ ಕೇಳಿದ್ದಕ್ಕೆ, "ಯಾಕಾದ್ರೂ ಮುಚ್ಕೊಂಡಿರ್ಲಿ ಬಿಡ್ರೀ, ನಮಗೆ ಆ ದಾರಿನೇ ಬೇಕಾಗಿಲ್ಲ" ಅಂದನಂತೆ. ಬಾಗಿಲು ಯಾಕೆ ತೆರೆಯುತ್ತಿಲ್ಲ ಅಂತ ನೋಡದೆ ಕಿಟಕಿಯಿಂದ ನುಗ್ಗುವವನಿಗೆ ಡಾಕ್ಟರು ಅನ್ನುವುದಿಲ್ಲ, ಬೇರೆ ಹೆಸರಿದೆ. ಬೀಗ ರಿಪೇರಿಯವನಾಗಿ ಇವನಿಗಾದರೂ ಹೊಳೆಯಬೇಡವೇ?

ಎದೆಯ ಎಕ್ಸ್‌ರೇ ತೆಗೆಸೋಣವೇ ಅಂದರೆ ಆ ಡಾಕ್ಟರು, "ಇದು ಬೆಲೆಬಾಳೋ ಗರ್ಭ, ಮುಟ್ಟೋ ಹಾಗಿಲ್ಲ." ನಮ್ಮ ಚಿಕ್ಕಮ್ಮನದೂ ಅದಕ್ಕೊಂದು ತಾಳ: "ಎಕ್ಸ್‌ರೇ ಗಿಕ್ಸ್‌ರೇ ಅಂತ ನನ್ನ ಮೊಮ್ಮಗನ್ನ ಸುಡ್ಬೇಡ್ರೋ!" ಕೆಮ್ಮುವವಳು ಯಾರ ಲೆಕ್ಕಕ್ಕೂ ಇಲ್ಲ. ಮಡಕೆಗೆ ಜ್ವರ ಬಂದರೆ ಯಾರು ಕೇಳುತ್ತಾರೆ?

ಸರಿ, ಬಾವಿ ಹತ್ತಿರ ಬಂತು. ಮೊದಲು ಒಂದು ಸದ್ದು... ಕುಹ್. ಕುಹ್-ಕುಹ್. ಒಣ ಕೆಮ್ಮು, ಕೊನೆಯಲ್ಲಿ ಸಣ್ಣಗೆ ಸುಯ್ಯೆನ್ನುವ ಉಸಿರು. ಒಂದೊಂದು ಕೆಮ್ಮಿಗೂ ಜಾಲರಿ 'ಝಿಂ' ಅನ್ನುತ್ತಿತ್ತು. ಥೇಟ್ ಹೆಂಡತಿಯ ಕೆಮ್ಮು!

"ಇಷ್ಟೊತ್ತಲ್ಲಿ ಇಲ್ಲಿಗ್ಯಾಕೆ ಬಂದ್ಯೇ?" ಅನ್ನುತ್ತಾ ಹತ್ತಿರ ಹೋದ.

ಅವಳಲ್ಲ... ಕಟ್ಟೆಯ ಮೇಲೆ ಬೇರೆ ಯಾರೋ ಹೆಂಗಸು. ಆರು ತಿಂಗಳ ಹೊಟ್ಟೆ, ಕಡ್ಡಿಯಂಥ ಕೈ. ತೊಡೆಯ ಮೇಲೆ ಅದೇ ಸೆಂಟರಿನ ಗುಲಾಬಿ ಫೈಲು.

"ಕೆಮ್ಮಿನ ಸಿರಪ್ಪಾ, ಅಣ್ಣಾ?" ಪಿಸುದನಿ.

"ಹೂಂ..."

"ನಂಗೂ ಅದೇ ಕೊಟ್ರು. ಎಷ್ಟು ವಾರ ಆಯ್ತು?"

"ಐದು."

"ನಂಗೆ ಏಳೇ ಸಿಕ್ಕಿದ್ದು." ಕುಹ್... ಝಿಂ. "ಕಫ ಪರೀಕ್ಷೆ ಮಾಡ್ಸಿದ್ಯಾ?"

"ಡಾಕ್ಟ್ರು ಏನೂ ಬೇಡ ಅಂದ್ರು..."

ಅವಳು ನಕ್ಕಳು. ನಗು ಹಾಗೇ ಕೆಮ್ಮಾಯಿತು. "ಕೆಮ್ತಿರೋದು ಡಾಕ್ಟ್ರ ಹೆಂಡ್ತಿನಾ?"

ಅಷ್ಟೇ. ಇವನು ಚಪ್ಪಲಿ ಬಿಟ್ಟು ಓಡಿದ. ಬೆಳಗಾಗುತ್ತಲೇ, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅಮ್ಮನ ಮಾತು ಮೀರಿ, ಹೆಂಡತಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿನ ನರ್ಸಮ್ಮ ಕೇಳಿದ್ದು ಒಂದೇ: "ಐದು ವಾರ ಏನ್ರೀ, ಕತ್ತೆ ಕಾಯ್ತಿದ್ರಾ?"

ಕ್ಷಯ. ವರ್ಷಗಟ್ಟಲೆ ಗರ್ಭಕೋಶದಲ್ಲಿ ಸದ್ದಿಲ್ಲದೆ ಕೂತು, ನಾಳಗಳನ್ನು ಮುಚ್ಚಿದ್ದೇ ಅದು. ಬಸಿರು ನಿಂತ ಮೇಲೆ ಎದೆಗೂ ಹರಡಿತ್ತು. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಎಕ್ಸ್‌ರೇ ತೆಗೆದರು. ಯಾರೂ ಸುಟ್ಟುಹೋಗಲಿಲ್ಲ. ಬಸುರಿಯರಿಗೂ ಆಗುವ ಮಾತ್ರೆ ಇದೆ, ಅಂದೇ ಶುರುವಾಯಿತು. ಇನ್ನೆರಡು ವಾರ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಅಂದರು. ಉಳಿದರು. ಹುಟ್ಟಿದ್ದು ಹೆಣ್ಣು, ಅಳುವ ಗಂಟಲು ಮಾತ್ರ ನನ್ನದೇ.

ನಾನು ಹಿಡಿದ ಮೀನಿಗೆ ಒಂದು ಮೊಳ ಸೇರಿಸಿ ಹೇಳುತ್ತೇನೆ, ಒಪ್ಪಿದೆ. ಇದರಲ್ಲಿ ಒಂದಕ್ಷರ ಸೇರಿಸಿಲ್ಲ. ಕಫ ಕೊಟ್ಟ ದಿನ ಅವನ ಜೊತೆ ನಾನೇ ಇದ್ದೆ. ಕಿಟಕಿಯಲ್ಲಿ ಕೊಟ್ಟಿದ್ದು ಒಂದೇ ಡಬ್ಬಿ. ಸಂಜೆ ಲ್ಯಾಬಿನ ಹುಡುಗಿ ಎರಡು ಚೀಟಿ ತಂದಳು. ಎರಡರಲ್ಲೂ ಕ್ಷಯ.

"ಇನ್ನೊಂದು ಯಾರದು? ಆರು ತಿಂಗಳ ಗರ್ಭಿಣಿ ಅಂತಷ್ಟೇ ಬರೆದಿದೆ, ಹೆಸರೇ ಇಲ್ಲ" ಅಂದಳು. "ತಗೊಂಡಾಗ ಆ ಡಬ್ಬಿ ಇನ್ನೂ ಬೆಚ್ಚಗಿತ್ತು."