ಸೇತುವೆ ಮುದುಕಿಯ ಮಂಡಿ

...ಅಲ್ಲ, "ಬರೀ ಬೈಬೇಡಮ್ಮ, ಉಪಯೋಗಕ್ಕೆ ಬರೋ ಹಾಗೆ ಹೇಳು" ಅಂದೆ ತಾನೆ? ಹಾಗೇ ಹೇಳ್ತಿದೀನಿ, ಕೇಳು. ನಿನ್ನ ಕಂಪ್ಯೂಟರ್ ಆಟದಲ್ಲಿರೋ ಆ ಹುಡುಗಿಗೆ ಬುದ್ಧಿ ಇಲ್ಲ. ಹೆಗಲ ಮೇಲೆ ಅಷ್ಟು ದಪ್ಪ ಹಗ್ಗ, ಸೊಂಟದಲ್ಲಿ ಕತ್ತಿ, ಎಲ್ಲೋ ಇರೋ ಲೈಟ್‌ಹೌಸ್ ಹುಡುಕ್ಕೊಂಡು ಹೊರಟಿದಾಳೆ ಮಹಾರಾಣಿ. ಮೊಣಕಾಲೆತ್ತರದ ಬೇಲಿ ದಾಟೋಕೆ ಬರಲ್ಲ! ಬಟನ್ ಒತ್ತಿ ಒತ್ತಿ ನನ್ನ ಬೆರಳು ಊದ್ಕೊಂಡಿತು. ಇಷ್ಟಕ್ಕೇನಾ ಇಷ್ಟು ಹಾರಾಟ? ಹಲ್ಲಿನ ಡಾಕ್ಟರ ಹತ್ತಿರ ಇದ್ದ ಒಳ್ಳೆ ಕೆಲಸ ಬಿಟ್ಟು, ಹಗಲೆಲ್ಲ ಬಾಗಿಲು ಹಾಕ್ಕೊಂಡು ಕೂತು ಮಾಡಿದ್ದು ಇದಾ?

ಆ ಕತ್ತರಿ ಕೊಡು. ಅದಲ್ಲ, ದೊಡ್ಡದು. ಈ ಪರದೆಗಳು ಸಂಜೆಯೊಳಗೆ ಹೋಟೆಲಿನವರಿಗೆ ಹೋಗಬೇಕು, ನಿನ್ನ ಆಟವೂ ಸಂಜೆಯೊಳಗೆ ಸ್ಪರ್ಧೆಗೆ ಹೋಗಬೇಕು. "ನೀನು ಚೆನ್ನಾಗಿಲ್ಲ ಅಂದ್ರೆ ಕಳಿಸಲ್ಲ" ಅಂತ ಎಲ್ಲಾ ನನ್ನ ತಲೆ ಮೇಲೆ ಹೊರಿಸಿಬಿಟ್ಟೆ. ನಾನೇನು ಕಂಡೆ ಇವನ್ನೆಲ್ಲ? ಪರದೆ ಹೊಲಿಯೋಳು. ಆದ್ರೂ ಕಣ್ಣಿದೆಯಲ್ಲ!

ಆಮೆ... ಅಯ್ಯೋ, ಆ ಆಮೆ! ಕಾಡಿನಲ್ಲಿ ಸಿಗುತ್ತಲ್ಲ, ದಾರಿ ಹೇಳೋಕೆ ಅಂತ. ಹೇಳಿದ್ದೇ ಹೇಳುತ್ತೆ, ಹೇಳಿದ್ದೇ ಹೇಳುತ್ತೆ, ನಿಮ್ಮ ದೊಡ್ಡಪ್ಪನ ಹಾಗೆ. "ಉತ್ತರಕ್ಕೆ ಹೋಗು." ಉತ್ತರ ಯಾವ ಕಡೆ ಅಂತ ಮಾತ್ರ ಬಾಯಿ ಬಿಡಲ್ಲ. ಸೂರ್ಯ ಎಡಗಡೆ ಇದಾನೆ, ನೆರಳೂ ಎಡಗಡೆಗೇ ಬೀಳುತ್ತೆ. ಹಾಗೆ ಎಲ್ಲಾದ್ರೂ ಉಂಟಾ? ಬರ್ಕೋ, ಬರ್ಕೋ. ಇನ್ನು ಗುಹೆಯ ಬೀಗದ ಕೈ, ಮೀನಿನ ಹೊಟ್ಟೆಯೊಳಗೆ! ಯಾವ ಮನುಷ್ಯರಿಗೆ ಹೊಳೆಯುತ್ತೆ ಅದು? ನಾನು ಕಾಡಿನ ಕಲ್ಲೆಲ್ಲ ಮಗುಚಿ ಹಾಕಿದೆ.

ಅದೆಲ್ಲ ಹಾಳಾಗ್ಲಿ. ಆ ಸೇತುವೆ ಮುದುಕಿ ಇದಾಳಲ್ಲ, ಗೇಟಿನ ಮುಂದೆ ಕಲ್ಲುಬೆಂಚಿನ ಮೇಲೆ... ಅವಳನ್ನ ಮೊದಲು ತೆಗೆದುಹಾಕು. ಹೌದು, ಪೂರ್ತಿ! ಎಂಥಾ ಬಾಯಿ ಅವಳದು! ಪಾಪ ಆ ಹುಡುಗಿ ಕಾಡು ದಾಟಿ, ಗುಹೆ ದಾಟಿ, ಮೈಯೆಲ್ಲ ಗೀರಿಸ್ಕೊಂಡು ಬಂದು ನಿಂತ್ರೆ, ತಲೆ ಕೂಡ ಎತ್ತದೆ "ಇಷ್ಟಕ್ಕೇನಾ ಇಷ್ಟು ಹಾರಾಟ?" ಅಂತಾಳೆ. ಯಾವ ಹೆಂಗಸು ಹಾಗೆ ಮಾತಾಡ್ತಾಳೆ ಹೇಳು? ...ಯಾಕೆ ನಗ್ತೀಯ? ನಗೋ ಅಂಥದ್ದೇನು ಹೇಳಿದೆ ನಾನು?

ನಗು, ನಗು. ಹಣ್ಣು ಕೊಟ್ಟೆ, ಮುಖ ತಿರುಗಿಸಿದಳು. ಚಿನ್ನದ ನಾಣ್ಯ ಕೊಟ್ಟೆ, "ನನಗ್ಯಾಕೆ ಇದು" ಅಂದಳು. ಕತ್ತಿ ತೋರಿಸಿದೆ, ಅದರ ತುಕ್ಕು ನೋಡಿ ಬೈದಳು! ಗೇಟು ಬಿಡೋ ಮಾತೇ ಇಲ್ಲ. ನನಗೆ ರೇಗಿಹೋಯ್ತು, ಅಲ್ಲೇ ಆಫ್ ಮಾಡಿ ಎದ್ದುಬಿಟ್ಟೆ. ಸೇತುವೆ ಆಚೆ ಏನಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಕಿಲ್ಲ. ಅಂಥವಳನ್ನ ದಾರಿಗೆ ಅಡ್ಡ ಕೂರಿಸಿದ್ರೆ ಆಡೋರು ಎದ್ದು ಹೋಗ್ತಾರೆ, ಅಷ್ಟೇ. ನೋಡಿದವರು ಏನಂದ್ಕೋತಾರೆ... ಆ ಮುದುಕಿ ಬಗ್ಗೆ?

ಇಸ್ತ್ರಿಪೆಟ್ಟಿಗೆ ಕಾದಿದೆಯಾ ನೋಡು. ಹೂಂ. ಚಿತ್ರನಾದ್ರೂ ನೆಟ್ಟಗೆ ಬಿಡಿಸಿದೀಯಾ ಆ ಮುದುಕಿದು? ಕೈಗೆ ಸೂಜಿ ಕೊಟ್ಟಿದೀಯ, ಪೆನ್ನು ಹಿಡಿದ ಹಾಗೆ ಹಿಡಿದಿದಾಳೆ. ಮತ್ತೆ, ಅಷ್ಟು ಹೊತ್ತು ಕಲ್ಲಿನ ಮೇಲೆ ಕೂತಿದ್ದೋಳು ಗೇಟು ತೆಗೆಯೋಕೆ ದಡಕ್ಕನೆ ಎದ್ದು ನಿಲ್ತಾಳೆ, ಹದಿನಾರರ ಹುಡುಗಿ ಹಾಗೆ! ಆ ವಯಸ್ಸಿಗೆ ಮಂಡಿ ಹಿಡ್ಕೊಳ್ಳುತ್ತೆ ಕಣೇ. ಮೊದಲು ಸೊಂಟದ ಮೇಲೆ ಒಂದು ಕೈ ಬರಬೇಕು, ಆಮೇಲೆ...

ಏನು? ಬರೆಯೋದು ಯಾಕೆ ನಿಲ್ಲಿಸಿದೆ?

ಹಾಗೆ ನೋಡಬೇಡ. ಗೇಟು ತೆಗೀತಾಳೆ ಅಂತ ನನಗೆ ಹೇಗೆ ಗೊತ್ತಾಯ್ತು ಅಂತಾನಾ? ನಿನ್ನ ಚಿಕ್ಕಮ್ಮ ಹೇಳಿದಳು, ಫೋನಿನಲ್ಲಿ. ...ಅವಳಿಗೆ ತೋರಿಸೇ ಇಲ್ವಾ? ಯಾರಿಗೂ ತೋರಿಸಿಲ್ವಾ? ನನಗೊಬ್ಬಳಿಗೇನಾ...

ಹಾಗಾದ್ರೆ ನಾನೇ ಊಹೆ ಮಾಡಿರ್ತೀನಿ. ಗೇಟು ಅಂದ ಮೇಲೆ ಯಾರಾದ್ರೂ ತೆಗೀಲೇಬೇಕಲ್ಲ... ಮಾತಾಡೇ! ಬಾಯಿಗೆ ಹೊಲಿಗೆ ಹಾಕ್ಕೊಂಡ್ಯಾ?

ಸರಿ. ಹೌದು. ಕೂತೆ. ಏನೀಗ? ಹಣ್ಣು, ಕತ್ತಿ, ಕೈಯಲ್ಲಿದ್ದದ್ದೆಲ್ಲ ಕೆಳಗಿಟ್ಟು, ಆ ಹುಡುಗಿನ ಅವಳ ಪಕ್ಕ ಬೆಂಚಿನ ಮೇಲೆ ಕೂರಿಸಿದೆ. ಸಾಕಾಗಿ ಕೂರಿಸಿದ್ದು, ಉಪಾಯ ಹೊಳೆದು ಅಲ್ಲ! ನನ್ನ ಟೀ ತಣ್ಣಗಾಯ್ತು. ಕಂಪ್ಯೂಟರೇ ಕೆಟ್ಟಿತೇನೋ ಅಂದ್ಕೊಂಡೆ. ಆಗ ಅವಳು ಸೂಜಿ ಪಕ್ಕಕ್ಕಿಟ್ಟು... ಆ ಬಜಾರಿ... "ಊಟ ಮಾಡಿದ್ಯಾ?" ಅಂದಳು. ಅಷ್ಟೇ ಅಂದಳು, ಎದ್ದು ಗೇಟು ತೆಗೆದಳು. ಅದನ್ನ ಇನ್ನೊಂದು ಸಲ ಕೇಳೋಕೆ ನಾನು ಮತ್ತೆ ಮೊದಲಿಂದ ಆಡಿದೆ, ಆ ದರಿದ್ರ ಬೇಲಿ ಸಮೇತ. ಸಿಟ್ಟು ಬಂತು ಕಣೇ. ಅಳೂ ಬಂತು. ಊರಿಗೆಲ್ಲ ನನ್ನನ್ನ ಹೀಗೆ ತೋರಿಸ್ತೀಯಲ್ಲ ಅಂತ ನಾಚಿಕೆ ಆಯ್ತು. ಅದಕ್ಕೇ ಬೇಡ ಅಂದದ್ದು.

ನನ್ನ ಪಕ್ಕಕ್ಕೆ ಯಾಕೆ ಬಂದೆ? ಇಲ್ಲಿ ಕೂರಬೇಡ, ಬಟ್ಟೆ ಮೇಲೆ ಕೂತ್ಯಲ್ಲೇ! ಪೆನ್ನು ಯಾಕೆ ಕೆಳಗಿಟ್ಟೆ? ಇನ್ನೂ ಹೇಳೋದಿದೆ ನನಗೆ. ಬೇಲಿ ಸರಿ ಮಾಡಬೇಕು, ನೆರಳು... ಕೈಯಲ್ಲಿದ್ದ ಫೋನೂ ಕೆಳಗಿಟ್ಟೆಯಾ...

ಏನಾದ್ರೂ ಅನ್ನೇ.

...

ಊಟ ಮಾಡಿದ್ಯಾ?

ಮಾಡಿಲ್ಲ. ಗೊತ್ತು ನನಗೆ. ನಡಿ, ಬಡಿಸ್ತೀನಿ. ತಿಂದು ಆಮೇಲೆ ಕಳಿಸು ಅದನ್ನ. ಮುದುಕಿ ಇರ್ಲಿ, ತೆಗೀಬೇಡ. ಬೇಕಾದ್ರೆ ಆಮೆನ ತೆಗಿ. ತಾಳು, ತಾಳು... ಅಯ್ಯಮ್ಮಾ! ಕೈ ಕೊಡು. ಮಂಡಿ ಹಿಡ್ಕೊಂಡಿದೆ. ಎಳೀಬೇಡ, ಸುಮ್ಮನೆ ಹಿಡ್ಕೋ. ಮೊದಲು ಸೊಂಟದ ಮೇಲೆ ಒಂದು ಕೈ... ಸರಿಯಾಗಿ ನೋಡ್ಕೋ. ಹೀಗೆ ಏಳಿಸು ಅವಳನ್ನ.